ನಮ್ಮ ಗಾಡಿಯ ಹೊಗೆಯನ್ನು ಮೊದಲು ನೋಡೋಣ

ಕುಂದಗೋಳ ತಾಲ್ಲೂಕಿನ ಕುಬಿಹಾಳಕ್ಕೂ ನಮ್ಮ ಘಟ್ಟದ ಊರುಗಳಿಗೂ ಹಲವು ವರ್ಷಗಳ ಕೊಡುಕೊಳ್ಳುವಿಕೆಯಿದೆ. ಮಳೆಗಾಲದ ಆರಂಭದಲ್ಲಿ ನಮ್ಮ ನರ್ಸರಿಯಿಂದ ಹೊಂಗೆ, ಹುಣಸೆ, ಬೇವಿನ ಸಸಿಗಳು ಅಲ್ಲಿನ ಬದುಗಳಿಗೆ ಹೋಗುತ್ತವೆ. ಹಿಂಗಾರಿನ ಒಕ್ಕಣೆ ಮುಗಿದ ಮೇಲೆ ಅಲ್ಲಿಂದ ಬಿಳಿಜೋಳದ ಕಣಿಕೆ ನಮ್ಮ ಕೊಟ್ಟಿಗೆಗಳಿಗೆ ಬರುತ್ತದೆ. ಈ ಎರಡೂ ಕೆಲಸಕ್ಕೆ ಬಳಗದ ಬಳಿಯಿರುವುದು ಒಂದೇ ಗಾಡಿ: 2011ರ ಮಾದರಿಯ ಡೀಸೆಲ್ ಪಿಕಪ್.

ಕಳೆದ ಫೆಬ್ರುವರಿಯಲ್ಲಿ ಕಣಿಕೆ ತರಲೆಂದು ಹೋದಾಗ ನಡೆದ ಸಂಗತಿಯನ್ನು ಸಂಕೋಚದಿಂದಲೇ ಇಲ್ಲಿ ದಾಖಲಿಸುತ್ತಿದ್ದೇನೆ. ಹೊಲದ ಯಜಮಾನರು, ಎಪ್ಪತ್ತು ದಾಟಿದ ರೈತರು, ನಮ್ಮ ಗಾಡಿ ಕಣದತ್ತ ಬರುತ್ತಿದ್ದಂತೆಯೇ ಕೈ ಅಡ್ಡ ಹಿಡಿದರು. ಎಂಜಿನ್ನಿನ ಬದಿಯಿಂದ ಬರುತ್ತಿದ್ದ ‘ಟಿಕ್ ಟಿಕ್’ ಸದ್ದನ್ನು ಅವರು ದೂರದಿಂದಲೇ ಗುರುತಿಸಿದ್ದರು. ಬಾನೆಟ್ ತೆರೆಸಿದರು. ಎಂಜಿನ್ನಿಗೂ ಹೊಗೆಕೊಳವೆಗೂ ನಡುವಿನ ಬೀಡುಕಬ್ಬಿಣದ ಮ್ಯಾನಿಫೋಲ್ಡಿನ ಮೇಲೆ ಕೂದಲೆಳೆಯಂಥ ಬಿರುಕು, ಅದರ ಸುತ್ತ ಕಾಡಿಗೆಯಂಥ ಮಸಿ. ಪಕ್ಕದಲ್ಲಿಯೇ ಹಿಂದಿನ ವರ್ಷದ ಕಣಿಕೆಯ ಒಣ ರವದಿ ಸಿಕ್ಕಿಕೊಂಡಿತ್ತು. “ಸಾಹೇಬ್ರ, ಗಿಡಾ ಹಚ್ಚೂ ಮಂದಿ ನೀವು. ಈ ಗಾಡೀನ ಕಣದಾಗ ತರಬ್ಯಾಡ್ರಿ. ಒಂದ ಕಿಡಿ ಬಿದ್ರ ನನ್ನ ಬಣವಿ ಹೋಕ್ಕೈತಿ” ಎಂದರು.

ನಮ್ಮ ಹುಡುಗರಲ್ಲಿ ಒಬ್ಬನಿಗೆ ಈ ಮಾತು ಅವಮಾನವೆನಿಸಿತು. ನನಗೆ ಅದು ನ್ಯಾಯವೆನಿಸಿತು. ಅಂದು ಬೆಳಗಿನಿಂದ ಗಾಡಿಯ ಮುಂಭಾಗದಲ್ಲಿ ಕುಳಿತಿದ್ದ ನಮ್ಮಿಬ್ಬರಿಗೂ ತಲೆ ಭಾರವಾಗಿತ್ತು, ಕಣ್ಣು ಉರಿಯುತ್ತಿತ್ತು. ಅದನ್ನು ನಾವು ಕಲಘಟಗಿಯ ಬಿಸಿಲಿನ ಲೆಕ್ಕಕ್ಕೆ ಬರೆದಿದ್ದೆವು.

ಚರ್ಚೆಯಲ್ಲಿ ಬಂದ ಮೂರು ಮಾತು

ಕಣಿಕೆಯಿಲ್ಲದೆ ಮರಳಿದ ಮೇಲೆ ಬಳಗದ ಸಭೆಯಲ್ಲಿ ಪ್ರಶ್ನೆ ಬಂತು: ಒಡೆದ ಮ್ಯಾನಿಫೋಲ್ಡಿನ ಬದಲಿಗೆ ಏನು ಹಾಕಿಸುವುದು? ಮೂರು ಅಭಿಪ್ರಾಯಗಳು ಮಂಡನೆಯಾದವು. ಮೊದಲನೆಯದು, ಹುಬ್ಬಳ್ಳಿಯ ಗ್ಯಾರೇಜೊಂದು ಸೂಚಿಸಿದ ದಾರಿ: ತೆಳು ಉಕ್ಕಿನ ನಾಲ್ಕು ಕೊಳವೆಗಳನ್ನು ಬೆಸೆದು ಒಂದಾಗಿಸಿದ ‘ಹೆಡರ್’. ಹೊಸ ಬೀಡಿನ ಭಾಗಕ್ಕಿಂತ ಅಗ್ಗ, ಮರುದಿನವೇ ಸಿದ್ಧ, ಜೊತೆಗೆ ‘ಗಾಡಿ ಇನ್ನೂ ಜೋರು ಎಳೀತದ’ ಎಂಬ ಭರವಸೆ. ಎರಡನೆಯದು, ಬಿರುಕಿಗೆ ಬೆಸುಗೆ ಹಾಕಿಸಿ ಈ ವರ್ಷ ದೂಡುವುದು. ಮೂರನೆಯದು, ಗಾಡಿಯನ್ನೇ ಗುಜರಿಗೆ ಕೊಟ್ಟು ಸಾಲ ಮಾಡಿ ಹೊಸದು ಕೊಳ್ಳುವುದು.

ಮೂಲ ಮಾದರಿಯ ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನೇ ತರಿಸಿ, ಹೊಸ ಗ್ಯಾಸ್ಕೆಟ್ಟು, ಹೊಸ ಸ್ಟಡ್ಡುಗಳೊಂದಿಗೆ ಸರಿಯಾಗಿ ಕೂರಿಸಬೇಕೆಂದು ನಾನು ವಾದಿಸಿದೆ. “ಇದೆಲ್ಲ ಮೆಕ್ಯಾನಿಕ್ಕಿನ ವಿಷಯ, ಪರಿಸರ ಸಭೆಯಲ್ಲಿ ಏಕೆ?” ಎಂದು ಹಿರಿಯ ಸ್ನೇಹಿತರೊಬ್ಬರು ನಕ್ಕರು. ಆ ನಗೆಗೆ ಉತ್ತರವಾಗಿ ಈ ಲೇಖನ.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡವರು ನಾವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಜನರಿಗೆ ಬೇಕಾದ ಸಸಿಗಳನ್ನು ನೆಟ್ಟ ಸತ್ಯಾಗ್ರಹದಲ್ಲಿ ಬಯಲುಸೀಮೆಯವರೂ ಮಲೆನಾಡಿನವರೂ ಒಂದಾಗಿದ್ದರು. ಅಂದು ನಾವು ಕೈಗಾರಿಕೆಯನ್ನು ಕೇಳಿದ ಪ್ರಶ್ನೆ ಒಂದೇ: ಲಾಭ ನಿಮ್ಮದಾಗಿ ನಷ್ಟ ಮಾತ್ರ ನಮ್ಮದೇಕಾಗಬೇಕು? ಈಗ ನಮ್ಮ ಪಿಕಪ್ಪಿನ ಮುಂದೆ ನಿಂತು ಕುಬಿಹಾಳದ ರೈತರು ಅದೇ ಪ್ರಶ್ನೆಯನ್ನು ನಮಗೆ ಕೇಳಿದ್ದಾರೆ. ಅಗ್ಗದ ಹೆಡರ್ ಹಾಕಿಸಿ ಉಳಿಸಿದ ಹಣ ನಮ್ಮ ಜೇಬಿಗೆ. ಹೊಗೆ, ಸದ್ದು, ಬೆಂಕಿಯ ಭಯ ಅವರ ಕಣಕ್ಕೆ.

ಈ ಭಾಗ ಒಡೆಯುವುದೇಕೆ?

ವಿದ್ಯಾರ್ಥಿ ಮಿತ್ರರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಎಂಜಿನ್ನಿನ ನಾಲ್ಕು ಉರುಳೆಗಳಿಂದ ಹೊರಬೀಳುವ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಟರ್ಬೊ ಮತ್ತು ಸೈಲೆನ್ಸರಿನತ್ತ ಸಾಗಿಸುವುದು ಮ್ಯಾನಿಫೋಲ್ಡ್. ತುಂಬಿದ ಭಾರದೊಂದಿಗೆ ಘಟ್ಟ ಏರುವಾಗ ಈ ಅನಿಲದ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಇಳಿಜಾರಿನಲ್ಲಿ ಅದು ಒಮ್ಮೆಲೇ ಕುಸಿಯುತ್ತದೆ. ಅರ್ಧ ಮೀಟರ್ ಉದ್ದದ ಬೀಡುಕಬ್ಬಿಣ 500 ಡಿಗ್ರಿ ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ದಿನಕ್ಕೆ ಹಲವು ಬಾರಿ ಹಿಗ್ಗಿ ಕುಗ್ಗುವ ಲೋಹಕ್ಕೆ ಆ ಚಲನೆಗೆ ಎಡೆಯಿರಬೇಕು. ಆದ್ದರಿಂದಲೇ ಕೆಲವು ಬೋಲ್ಟ್ ರಂಧ್ರಗಳನ್ನು ತುಸು ಅಗಲವಾಗಿ ಕೊರೆದಿರುತ್ತಾರೆ. ಮೆಕ್ಯಾನಿಕ್ ಉದ್ದನೆಯ ಪಾನಾ ಹಿಡಿದು ಬಲವಾಗಿ ಬಿಗಿದುಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ಬೀಡು ಬಿರಿಯುತ್ತದೆ, ಇಲ್ಲವೇ ಸ್ಟಡ್ಡು ತುಂಡಾಗುತ್ತದೆ.

ಏರಿಯ ಗಾಡಿಗಳಿಗೆ ಘಟ್ಟದ ಏರಿಳಿತ ಶತ್ರುವಾದರೆ ಎರೆಭೂಮಿಯ ಗಾಡಿಗಳಿಗೆ ಕೆಸರು ಶತ್ರು. ಮಳೆಗಾಲದಲ್ಲಿ ಕುಂದಗೋಳ, ನವಲಗುಂದ ಸೀಮೆಯ ಹಳ್ಳಗಳು ರಸ್ತೆಯ ಮೇಲೆ ಹರಿಯುತ್ತವೆ. ಬೆಣ್ಣೆಹಳ್ಳದ ಪ್ರವಾಹವನ್ನು ಆ ಕಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಕಾದ ಬೀಡಿನ ಮೇಲೆ ಹಳ್ಳದ ತಣ್ಣೀರು ಒಮ್ಮೆಲೇ ಎರಚಿದರೆ ಒಲೆಯ ಮೇಲಿನ ಮಣ್ಣಿನ ಗಡಿಗೆಗೆ ಆಗುವುದೇ ಅದಕ್ಕೂ ಆಗುತ್ತದೆ.

‘ಅಗ್ಗ’ ಎಂಬ ಭ್ರಮೆ

ಬೆಸೆದ ಕೊಳವೆಯ ಹೆಡರಿಗೆ ಅದರದೇ ಆದ ಸ್ಥಾನವಿದೆ. ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನ್ನಿನಲ್ಲಿ, ಕೊಳವೆಗಳ ಉದ್ದವನ್ನು ಲೆಕ್ಕ ಹಾಕಿ ಮಾಡಿದರೆ, ಒಂದು ಉರುಳೆಯ ಹೊಗೆ ಮತ್ತೊಂದರ ಹೊಗೆಯನ್ನು ಎಳೆದುಕೊಂಡು ಹೋಗುವಂತೆ ಮಾಡಬಹುದು. ಅದು ಪಂದ್ಯದ ಕಾರಿನ ವಿದ್ಯೆ. ನಿಧಾನವಾಗಿ ತಿರುಗಿ ಭಾರ ಎಳೆಯುವ ಡೀಸೆಲ್ ಪಿಕಪ್ಪಿಗೆ ಅದರಿಂದ ದಕ್ಕುವ ಪ್ರಯೋಜನ ನಗಣ್ಯ. ಟರ್ಬೊ ಇರುವ ಎಂಜಿನ್ನಿಗಂತೂ ತೊಂದರೆಯೇ ಹೆಚ್ಚು. ಟರ್ಬೊ ತಿರುಗುವುದು ಹೊಗೆಯ ಶಾಖ ಮತ್ತು ಒತ್ತಡದಿಂದ. ತೆಳುಕೊಳವೆ ಆ ಶಾಖವನ್ನು ಬಾನೆಟ್ಟಿನೊಳಗೇ ಚೆಲ್ಲುತ್ತದೆ. ಮೇಲಾಗಿ ಹಲವು ಎಂಜಿನ್ನುಗಳಲ್ಲಿ ಟರ್ಬೊದ ತೂಕವನ್ನು ಹೊರುವುದೂ ಮ್ಯಾನಿಫೋಲ್ಡೇ. ದಪ್ಪ ಬೀಡು ಹೊರುತ್ತಿದ್ದ ಭಾರವನ್ನು ತೆಳುಕೊಳವೆಯ ಬೆಸುಗೆಯ ಮೇಲೆ ಹೊರಿಸಿ, ನಮ್ಮ ರಸ್ತೆಗಳಲ್ಲಿ ಕುಲುಕಿಸಿದರೆ, ಫ್ಲ್ಯಾಂಜಿನ ಅಂಚಿನಲ್ಲಿ ಬೆಸುಗೆ ಬಿಡಲು ಹೆಚ್ಚು ಕಾಲ ಬೇಕಿಲ್ಲ.

ಟರ್ಬೊಗೆ ಮುಂಚೆಯೇ ಹೊಗೆ ಸೋರಿದರೆ ಎಂಜಿನ್ನಿಗೆ ಗಾಳಿ ಸಾಲದು. ಗಾಳಿ ಸಾಲದಿದ್ದರೆ ಡೀಸೆಲ್ ಪೂರ್ತಿ ಉರಿಯದು. ಕಪ್ಪು ಹೊಗೆ ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ, ಚಾಲಕ ಇನ್ನಷ್ಟು ಆಕ್ಸಿಲರೇಟರ್ ತುಳಿಯುತ್ತಾನೆ. ಹೆಡರಿನಲ್ಲಿ ಉಳಿಸಿದ್ದನ್ನು ಡೀಸೆಲ್ ಬಂಕಿನಲ್ಲಿ ಕಂತುಗಳಲ್ಲಿ ಕಟ್ಟುವುದೆಂದರೆ ಇದೇ.

ಇನ್ನೊಂದು ಗುಟ್ಟಿನ ವ್ಯವಹಾರವಿದೆ. ನಮ್ಮ ಗಾಡಿಯಲ್ಲಿ ಇಜಿಆರ್ ಎಂಬ ವ್ಯವಸ್ಥೆಯಿದೆ. ಸುಟ್ಟ ಅನಿಲದ ಒಂದು ಪಾಲನ್ನು ಅದು ಮರಳಿ ಎಂಜಿನ್ನಿಗೆ ಕಳಿಸಿ ದಹನದ ಉಷ್ಣತೆಯನ್ನು ತಗ್ಗಿಸುತ್ತದೆ. ಅದರಿಂದ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ. ಇದರ ಕೊಳವೆ ಹೊರಡುವುದು ಮ್ಯಾನಿಫೋಲ್ಡಿನ ಕಡೆಯಿಂದಲೇ. ಗ್ಯಾರೇಜಿನ ಹೆಡರಿನಲ್ಲಿ ಆ ಬಾಯಿಯೇ ಇರಲಿಲ್ಲ. ‘ಅದನ್ನ ಬಂದ್ ಮಾಡಿದ್ರ ಗಾಡಿಗೆ ಛಲೋ’ ಎಂಬ ಸಮಾಧಾನ ಸಿಕ್ಕಿತು. ಎಂಜಿನ್ನಿನೊಳಗೆ ಮಸಿ ಕಟ್ಟುವುದು ಕಡಿಮೆಯಾಗುತ್ತದೆ ಎಂಬಷ್ಟರ ಮಟ್ಟಿಗೆ ಅದು ನಿಜವೇ. ಆದರೆ ಗಾಡಿಗೆ ಒಳ್ಳೆಯದಾದದ್ದು ಬೆಳೆಗೆ ಒಳ್ಳೆಯದಲ್ಲ. ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಗಾಳಿಯ ಇತರ ಆವಿಗಳೊಡನೆ ಕೂಡಿ ನೆಲಮಟ್ಟದ ಓಜೋನ್ ಆಗುತ್ತವೆ. ಆ ಓಜೋನ್ ಪತ್ರರಂಧ್ರಗಳ ಮೂಲಕ ಎಲೆಯನ್ನು ಹೊಕ್ಕು ದ್ಯುತಿಸಂಶ್ಲೇಷಣೆಯನ್ನು ಕುಂದಿಸುತ್ತದೆ, ಎಲೆಯನ್ನು ಅಕಾಲದಲ್ಲಿ ಮುದಿಯಾಗಿಸುತ್ತದೆ. ಗೋಧಿ, ಸೋಯಾಬೀನ್, ಹತ್ತಿ ಇದಕ್ಕೆ ಸುಲಭವಾಗಿ ತುತ್ತಾಗುವ ಬೆಳೆಗಳು. ಇವು ಮೂರನ್ನೂ ಬಿತ್ತುವ ಜಿಲ್ಲೆ ಧಾರವಾಡ. ನಮ್ಮದೊಂದೇ ಪಿಕಪ್ಪಿನಿಂದ ಬೆಳೆ ಹಾಳಾಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿಯೊಬ್ಬನೂ ‘ನನ್ನದೊಂದೇ’ ಎಂದುಕೊಂಡ ಗಾಡಿಗಳ ಮೊತ್ತವೇ ಹೆದ್ದಾರಿಯ ಹೊಗೆ.

ಸೋರುವ ಹೊಗೆ ಯಾರ ಎದೆಗೆ?

ಸೈಲೆನ್ಸರಿನ ತುದಿಯಿಂದ ಬರುವ ಹೊಗೆ ಗಾಡಿಯ ಹಿಂದೆ ಹೋಗುತ್ತದೆ. ಮ್ಯಾನಿಫೋಲ್ಡಿನ ಬಿರುಕಿನಿಂದ ಬರುವ ಹೊಗೆ ಬಾನೆಟ್ಟಿನಡಿ ತುಂಬಿಕೊಂಡು, ಗಾಳಿಕಿಂಡಿಗಳ ಮೂಲಕ, ತಂತಿ ಹಾಯುವ ರಂಧ್ರಗಳ ಮೂಲಕ ಚಾಲಕನ ಗೂಡಿಗೇ ಬರುತ್ತದೆ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪೆಟ್ರೋಲಿಗಿಂತ ಕಡಿಮೆ ನಿಜ. ಆದರೆ ಅತಿಸೂಕ್ಷ್ಮ ಮಸಿಯ ಕಣಗಳು, ಕಣ್ಣು ಗಂಟಲು ಉರಿಸುವ ಆಲ್ಡಿಹೈಡುಗಳು, ನೈಟ್ರೋಜನ್ ಡೈಆಕ್ಸೈಡ್ ಇವೆಲ್ಲ ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗದ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಕುಂದಗೋಳ ತಾಲ್ಲೂಕಿನ ರಸ್ತೆಯಲ್ಲಿ ಬೆಳಗಿನ ಆರೂವರೆಗೆ ನಿಂತು ನೋಡಿ. ಸರಕು ಸಾಗಿಸುವ ಗಾಡಿಗಳ ಹಿಂಬದಿಯಲ್ಲಿ ಬುತ್ತಿಗಂಟು ಹಿಡಿದ ಹೆಣ್ಣುಮಕ್ಕಳು ಒತ್ತೊತ್ತಾಗಿ ನಿಂತು ಹೋಗುತ್ತಿರುತ್ತಾರೆ. ಸರಕುಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಅದು ನಿಲ್ಲಬೇಕು. ನಿಲ್ಲುವವರೆಗಾದರೂ ಅವರು ಕುಡಿಯುವ ಹೊಗೆಯ ಲೆಕ್ಕ ಯಾರು ಇಡುತ್ತಾರೆ? ಸಂಜೆ ಅದೇ ಗಾಡಿ ಕಣದ ಪಕ್ಕ ಎಂಜಿನ್ ಚಾಲೂ ಇಟ್ಟುಕೊಂಡು ನಿಂತರೆ, ಒಣಗಲು ಹರಡಿದ ಬ್ಯಾಡಗಿ ಮೆಣಸಿನಕಾಯಿಯ ಮೇಲೂ ಅದರ ಮಸಿ ಕೂರುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬೆಳೆ ಅದು. ಅದರ ಬಣ್ಣಕ್ಕಾಗಿಯೇ ಅದಕ್ಕೆ ಬೆಲೆ.

ಇನ್ನು ಬೆಂಕಿ. ಒಣಹುಲ್ಲು, ರವದಿ, ಹತ್ತಿ ಹೊತ್ತಿಕೊಳ್ಳಲು ಮುನ್ನೂರು ಡಿಗ್ರಿ ಆಸುಪಾಸಿನ ಶಾಖ ಸಾಕು. ಬಿರುಕಿನಿಂದ ಚಿಮ್ಮುವ ಅನಿಲ ಅದಕ್ಕಿಂತ ಬಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಹೊಗೆಕೊಳವೆ ಇಂಧನದ ಕೊಳವೆಯಿಂದ ಕನಿಷ್ಠ 35 ಮಿಲಿಮೀಟರ್ ದೂರವಿರಬೇಕೆಂದು ಹೇಳುತ್ತವೆ. ಕಣ್ಣಂದಾಜಿನಲ್ಲಿ ಬೆಸೆದ ಹೆಡರ್ ಈ ಅಂತರವನ್ನು ಪಾಲಿಸುತ್ತದೆಂದು ಯಾರೂ ಅಳೆದು ನೋಡುವುದಿಲ್ಲ. ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಬೆಂಕಿರೇಖೆ ಸವರುವ ನಾವು, ಬೆಂಕಿಯನ್ನು ಬಾನೆಟ್ಟಿನಲ್ಲಿಟ್ಟುಕೊಂಡು ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬಹುದೇ?

‘ಹೊಗೆ ಪ್ರಮಾಣಪತ್ರ ಇದೆಯಲ್ಲ!’

ಇದೆ. ನಮ್ಮ ಒಡೆದ ಗಾಡಿಗೂ ಇತ್ತು. ಆ ಪರೀಕ್ಷೆಯ ಸಲಾಕೆ ಹೋಗುವುದು ಸೈಲೆನ್ಸರಿನ ತುದಿಗೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳ ಹೊಗೆಯ ಸಾಂದ್ರತೆಗೆ ಮೀಟರಿಗೆ 2.45ರ ಮಿತಿಯಿದೆ; ಬಿಎಸ್-4 ಗಾಡಿಗಳಿಗೆ 1.62. ಮುಂದೆಯೇ ಸೋರಿಹೋದ ಹೊಗೆ ಈ ಅಳತೆಗೆ ಸಿಗುವುದೇ ಇಲ್ಲ. ಬಾನೆಟ್ ತೆರೆದು ನೋಡಬೇಕೆಂಬ ವಿವೇಕ ಪರೀಕ್ಷೆ ಮಾಡುವವರಿಗೂ ಇಲ್ಲ, ಮಾಡಿಸುವವರಿಗೂ ಇಲ್ಲ. ಪ್ರಮಾಣಪತ್ರ ತೋರಿಸಿ ನದಿಗೆ ವಿಷ ಬಿಟ್ಟವರನ್ನು ನಾವು ಬಲ್ಲೆವು. ಅವರ ವಾದವನ್ನು ನಾವೇ ಎತ್ತಿಕೊಳ್ಳುವುದು ಬೇಡ.

ಸದ್ದಿಗಾಗಿಯೇ ಸೈಲೆನ್ಸರ್ ತೆಗೆಸಿ ನೇರಕೊಳವೆ ಹಾಕಿಸುವ ಯುವಮಿತ್ರರಿಗೆ ಒಂದು ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ರದ್ದು. ದಂಡಕ್ಕಿಂತ ಹೆಚ್ಚಾಗಿ, ನಿಮ್ಮ ಸದ್ದಿಗೆ ಬೆಚ್ಚಿ ಎಚ್ಚರಗೊಳ್ಳುವ ತೊಟ್ಟಿಲ ಕೂಸಿನ ತಾಯಿಯ ಮುಖವನ್ನು ನೆನೆಯಿರಿ.

ಗುಜರಿಯೇ ಪರಿಹಾರವೇ?

ಹೊಸ ಗಾಡಿ ಕೊಳ್ಳಬೇಕೆಂಬವರ ವಾದದಲ್ಲಿ ಸತ್ಯಾಂಶವಿದೆ. 2020ರ ಏಪ್ರಿಲಿನಿಂದ ಜಾರಿಯಾದ ಬಿಎಸ್-6 ಗಾಡಿಗಳು ನಮ್ಮ ಬಿಎಸ್-3 ಗಾಡಿಗಿಂತ ಬಹಳ ಕಡಿಮೆ ಮಸಿ ಉಗುಳುತ್ತವೆ. ಬಿಎಸ್-3ರ ಕಾಲದಲ್ಲಿ 350 ಪಿಪಿಎಂ ಗಂಧಕವಿದ್ದ ಡೀಸೆಲ್ಲಿನಲ್ಲಿ ಈಗ ಇರುವುದು 10 ಪಿಪಿಎಂ. ಇಂಧನದ ಈ ಸುಧಾರಣೆಯ ಲಾಭ ಹಳೆಯ ಗಾಡಿಗೂ ದೊರೆತಿದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಚಾಸಿ ತುಕ್ಕು ತಿಂದಿದ್ದರೆ, ಅಂಥ ಗಾಡಿಯನ್ನು ಬೀಳ್ಕೊಡುವುದೇ ಸರಿ. ಆದರೆ ಎಂಜಿನ್ ಗಟ್ಟಿಯಿದ್ದು, ಒಂದು ಬೀಡಿನ ಭಾಗ ಒಡೆದ ಮಾತ್ರಕ್ಕೆ ಸಣ್ಣ ರೈತ ಸಾಲದ ಕುಣಿಕೆಗೆ ತಲೆ ಕೊಡಬೇಕೆನ್ನುವುದು ಪರಿಸರವಾದವಲ್ಲ. ಹೊಸ ಗಾಡಿಯ ಉಕ್ಕು ಕೂಡ ಯಾವುದೋ ಬೆಟ್ಟವನ್ನು ಅಗೆದು ಬಂದದ್ದೇ. ಸಂಡೂರಿನ ಗುಡ್ಡಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಆರಿಸುವುದು ಹೇಗೆ?

ಟೀಕೆ ಸಾಕು, ಕೆಲಸಕ್ಕೆ ಬರುವ ಮಾತಿಗೆ ಬರೋಣ. ಗಾಡಿಯ ಎಂಜಿನ್ ಸಂಖ್ಯೆ, ತಯಾರಿಕೆಯ ವರ್ಷ ಹಾಗೂ ಹಳೆಯ ಭಾಗದ ಮೇಲೆ ಎರಕದಲ್ಲಿಯೇ ಮೂಡಿರುವ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ. ಒಂದೇ ಹೆಸರಿನ ಪಿಕಪ್ಪಿನಲ್ಲಿಯೂ ಬಿಎಸ್-2, ಬಿಎಸ್-3, ಬಿಎಸ್-4 ಎಂಜಿನ್ನುಗಳ ಮ್ಯಾನಿಫೋಲ್ಡ್ ಬೇರೆಬೇರೆ ಇರಬಹುದು. ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ರಂಧ್ರಗಳು, ಟರ್ಬೊ ಕೂರುವ ಮುಖ, ಇಜಿಆರ್ ಬಾಯಿ, ಶಾಖತಡೆಯ ತಗಡಿನ ಹಿಡಿಕೆಗಳು ಹೊಂದುತ್ತವೆಯೇ ನೋಡಿ.

ಹೊಸದು ಸಿಗದಿದ್ದರೆ ಗುಜರಿಯ ಗಟ್ಟಿ ಬೀಡು ಹೊಸ ತೆಳು ಹೆಡರಿಗಿಂತ ಮೇಲು. ಆದರೆ ಪರೀಕ್ಷಿಸಿ ಕೊಳ್ಳಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವಂತೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ. ಬಿರುಕಿದ್ದರೆ ಗಂಟೆಯ ನಾದ ಬಾರದು, ಬೊದ್ದೆನ್ನುತ್ತದೆ. ಅನುಮಾನವಿದ್ದರೆ ಸ್ವಚ್ಛಗೊಳಿಸಿ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಬಳಪದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಎಂಜಿನ್ನಿಗೆ ಕೂರುವ ಮುಖದ ಮೇಲೆ ನೇರಪಟ್ಟಿಯಿಟ್ಟು ಫೀಲರ್ ಗೇಜಿನಿಂದ ಅಳೆಯಿರಿ. ಸೊಟ್ಟಗಿದ್ದರೆ ಲೇತ್ ಅಂಗಡಿಯಲ್ಲಿ ಸಮತಟ್ಟು ಮಾಡಿಸದೆ ಕೂರಿಸಬೇಡಿ.

ಬೀಡಿನ ಬೆಸುಗೆಯ ಬಗ್ಗೆ: ಭಾಗವನ್ನು ಮೊದಲೇ ಸಮನಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ನಿಧಾನವಾಗಿ ತಣಿಸಬಲ್ಲ ಕುಶಲಿಗಳಿದ್ದರೆ ಮಾತ್ರ ಒಪ್ಪಿ. ಸಾಮಾನ್ಯ ಕಡ್ಡಿಯಿಂದ ಹಾಕಿದ ಬೆಸುಗೆ ಗಟ್ಟಿಯಾಗಿಯೇ ಉಳಿದು, ಅದರ ಮಗ್ಗುಲಲ್ಲಿ ಹೊಸ ಬಿರುಕು ಬಿಡುತ್ತದೆ.

ಗ್ಯಾಸ್ಕೆಟ್ ಎಂದಿಗೂ ಹೊಸದೇ ಇರಲಿ. ಪದರ ಉಕ್ಕಿನದು ಅಥವಾ ಗ್ರಾಫೈಟಿನದು ಕೇಳಿ ಪಡೆಯಿರಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇದ್ದೀತು. ಅದನ್ನು ಒಣಗಿದ್ದಾಗ ಕೆರೆಯುವುದು, ಗಾಳಿ ಊದುವುದು ಬೇಡ. ನೀರು ಸಿಂಪಡಿಸಿ ತೇವ ಮಾಡಿಯೇ ಬಿಡಿಸಿ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂಬುದು ಸ್ಥಾಪಿತ ಸತ್ಯ. ಗ್ಯಾರೇಜಿನ ನೆಲ ಗುಡಿಸುವ ಹದಿನೈದರ ಹುಡುಗನ ಎದೆಯೂ ಎದೆಯೇ. ನಟ್ಟುಗಳನ್ನು ನಡುವಿನಿಂದ ಎರಡೂ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ, ಕೈಪಿಡಿ ಹೇಳಿದಷ್ಟೇ ಬಿಗಿಸಬೇಕು.

ಕೊನೆಯದಾಗಿ, ಖರ್ಚಿಲ್ಲದ ಪರೀಕ್ಷೆ: ಬೆಳಗಿನ ಮೊದಲ ಚಾಲೂವಿನಲ್ಲಿ, ಎಂಜಿನ್ ತಣ್ಣಗಿರುವಾಗ, ಬಾನೆಟ್ ತೆರೆದು ಕಿವಿಗೊಡಿ. ‘ಟಿಕ್ ಟಿಕ್’ ಕೇಳಿ, ಕಾದ ಮೇಲೆ ಅದು ಅಡಗಿದರೆ, ಲೋಹ ಹಿಗ್ಗಿ ಸೋರಿಕೆಯನ್ನು ತಾತ್ಕಾಲಿಕವಾಗಿ ಮುಚ್ಚಿದೆಯೆಂದೇ ಅರ್ಥ. ಅಡಗಿತೆಂದು ಸುಮ್ಮನಾಗಬೇಡಿ.

ಬಳಗದ ಮುಂದಿರುವ ಕೆಲಸ

ನಮ್ಮ ಸಭೆ ಕೊನೆಗೆ ಮೂಲ ಮಾದರಿಯ ಬೀಡನ್ನೇ ಆರಿಸಿತು. ಭಾಗ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಗಾಡಿ ನಿಂತಿತು. ಅವಸರದ ಹೆಡರನ್ನು ರೈತರು ಒಪ್ಪಿಕೊಳ್ಳುವುದು ಈ ಕಾಯುವಿಕೆಯ ಭಯದಿಂದಲೇ ಎಂಬುದು ಆಗ ಅರ್ಥವಾಯಿತು. ಸುಗ್ಗಿಯಲ್ಲಿ ಒಂಬತ್ತು ದಿನ ಗಾಡಿ ನಿಲ್ಲಿಸುವ ಶಕ್ತಿ ಎಲ್ಲರಿಗೂ ಇಲ್ಲ. ಪಕ್ಕದ ಬೆಳಗಾವಿಯಲ್ಲಿ, ಉದ್ಯಮಬಾಗದಲ್ಲಿ, ಎರಕದ ಕಾರ್ಖಾನೆಗಳ ಸಾಲೇ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳಗಳಲ್ಲಿ ಯಂತ್ರಾಗಾರಗಳಿವೆ. ಇಷ್ಟಿದ್ದೂ ಹಳೆಯ ಪಿಕಪ್ಪಿನ ಒಂದು ಮ್ಯಾನಿಫೋಲ್ಡಿಗೆ ರೈತ ವಾರಗಟ್ಟಲೆ ಕಾಯಬೇಕಾದರೆ ಅದು ಕೌಶಲದ ಕೊರತೆಯಲ್ಲ, ಬೇಡಿಕೆಯನ್ನು ಒಟ್ಟಾಗಿ ಮುಂದಿಡದ ನಮ್ಮ ಕೊರತೆ.

ಆದ್ದರಿಂದ ನನ್ನ ಸೂಚನೆಗಳು ಇಷ್ಟು. ಬಳಗದ ಕೆಲಸಕ್ಕೆ ಬರುವ ಪ್ರತಿ ಗಾಡಿಗೂ, ಬಾಡಿಗೆಯದಾದರೂ, ತಣ್ಣನೆಯ ಚಾಲೂವಿನ ಪರೀಕ್ಷೆ ಆಗಲಿ. ಐಟಿಐ ವಿದ್ಯಾರ್ಥಿಗಳು ತಮ್ಮ ಊರಿನ ಪಿಕಪ್ಪುಗಳ ಮ್ಯಾನಿಫೋಲ್ಡ್ ಸಂಖ್ಯೆಗಳ ಪಟ್ಟಿ ಮಾಡಲಿ. ಆ ಪಟ್ಟಿಯೊಂದಿಗೆ ನಾವು ಒಟ್ಟಾಗಿ ಎರಕದವರ ಬಳಿಗೆ ಹೋಗೋಣ. ಹೊಗೆ ತಪಾಸಣೆಯಲ್ಲಿಯೂ ಸರಕುಗಾಡಿಗಳ ಫಿಟ್ನೆಸ್ ಪರೀಕ್ಷೆಯಲ್ಲಿಯೂ ಬಾನೆಟ್ ತೆರೆದು ಸೋರಿಕೆ ನೋಡುವುದು ಕಡ್ಡಾಯವಾಗಲೆಂದು ಸಾರಿಗೆ ಇಲಾಖೆಗೆ ಮನವಿ ಸಲ್ಲಿಸೋಣ.

ಹೊಸ ಬೀಡು ಕೂರಿಸಿದ ಮರುವಾರ ನಾವು ಮತ್ತೆ ಕುಬಿಹಾಳಕ್ಕೆ ಹೋದೆವು. ಯಜಮಾನರು ಈ ಬಾರಿಯೂ ಬಾನೆಟ್ ತೆರೆಸಿದರು, ಕಿವಿಗೊಟ್ಟು ಕೇಳಿದರು, ಸಂದಿಗಳಲ್ಲಿ ರವದಿ ಉಳಿದಿದೆಯೇ ಎಂದು ಕೈಯಾಡಿಸಿ ನೋಡಿದರು. ಆಮೇಲೆ “ಹಂಗಾರ ಹೇರ್ರಿ” ಎಂದರು. ಆದರೂ ಗಾಡಿಯನ್ನು ಬಣವೆಯಿಂದ ಇಪ್ಪತ್ತು ಮಾರು ದೂರದಲ್ಲಿಯೇ ನಿಲ್ಲಿಸಿಕೊಂಡರು. ಕಣಿಕೆಯ ಹೊರೆಗಳನ್ನು ಅಲ್ಲಿಯವರೆಗೆ ನಾವು ಹೊತ್ತು ತಂದೆವು.